ತುಂಗಮ್ಮನವರ ಹಿಂಬಾಗಿಲು

ಕೂತ್ಕೊಳ್ಳಿ ತುಂಗಮ್ಮನೋರೆ, ಮೊದಲು ಕೂತ್ಕೊಳ್ಳಿ! ಮುಂಬಾಗಿಲಿನ ಆ ಕಬ್ಬಿಣದ ಗೇಟು ಅಲ್ಲಾಡಿಸಿ ಏನೂ ಪ್ರಯೋಜನ ಇಲ್ಲ, ಕಚ್ಕೊಂಡ್ಬಿಟ್ಟಿದೆ. ವಾಚ್‌ಮನ್ ಮಿಹಿರ್ ದಾ ವೆಲ್ಡರನ್ನ ಕರ್ಕೊಂಡು ಬರೋಕೆ ಹೋಗಿದಾರಲ್ಲ. ‘ಆಸ್ಚಿ, ಆಸ್ಚಿ’, ಬಂದೆ ಬಂದೆ ಅಂದ್ರು, ಬರ್ತಾರೆ.

ಏನು? ಹಿಂಬಾಗಿಲಾ? ಅಯ್ಯೋ, ಅದ್ಯಾಕೀಗ! ಬಣ್ಣ ಇನ್ನೂ ಹಸಿ, ಸೀರೆಗೆ ಹತ್ತುತ್ತೆ. ಇಲ್ಲಿ ಕಿಟಕಿ ಹತ್ರ ಬನ್ನಿ, ಗಾಳಿ... ಗಾಳಿ ಎಲ್ಲಿಂದ ಬರಬೇಕು, ಏಪ್ರಿಲ್ ತಿಂಗಳಲ್ಲಿ, ಈ ಡಮ್ ಡಮ್‌ನಲ್ಲಿ!

ಯಾಕೆ ನಗ್ತೀರಿ? ನಗಿ, ನಗಿ. ಆರ್ಕಿಟೆಕ್ಟ್ ಉಮಾಪತಿ ತಾನು ಕಟ್ಟಿಸಿದ ಅಡಿಗೆಮನೇಲೇ ಸಿಕ್ಕಿಹಾಕ್ಕೊಂಡ ಅಂತ ನಾಳೆ ನಿಮ್ಮ ಖಿದಿರ್‌ಪುರದ ಹೋಟ್ಲಲ್ಲಿ ಡಂಗುರ ಸಾರಿ. ಆದ್ರೆ ಅಡಿಗೆಮನೆ ಹೇಗಿದೆ, ಅದನ್ನ ಹೇಳಿ! ಇವತ್ತೇ ಅಲ್ವಾ ಮೊದಲನೇ ಸಲ ನೀವು ಮೂರು ಮಹಡಿ ಹತ್ತಿ ಬಂದಿದ್ದು? ಇಷ್ಟು ದಿನ ಮೊಬೈಲಲ್ಲಿ ನೋಡಿದ್ರಿ. ಗ್ರೈಂಡರ್ ನೋಡಿ, ಎಡಗಡೆ ನಲ್ಲಿ, ಬಲಗಡೆ ಹಿಟ್ಟಿನ ಡ್ರಮ್ಮು. ನೀವು ಹೇಳಿದ ಹಾಗೇ.

ಅಳತೆಗೆ ನಾನು ಬರಲೇ ಇಲ್ಲ ಅಂತೀರಾ? ಹ್ಞೂಂ... ಬರಲಿಲ್ಲ. ಮೊದಲೆಲ್ಲ ಪ್ರತಿ ಕೆಲಸಕ್ಕೂ ನಾನೇ ಹೋಗ್ತಿದ್ದೆ. ದೋಸೆ ಹುಯ್ಯೋರ ಪಕ್ಕ ನಿಂತು, ಅವರ ಮೊಣಕೈ ಎಲ್ಲಿವರೆಗೆ ಬರುತ್ತೆ ಅಂತ ಟೇಪ್ ಹಿಡೀತಿದ್ದೆ! ಈಗ ಯಾರಿಗಿದೆ ಪುರುಸೊತ್ತು? ಬಿಬಿಡಿ ಬಾಗ್‌ನ ನನ್ನ ಆಫೀಸಲ್ಲಿ ಕೂತು ನಾಲ್ಕು ಫೋಟೋ ಕಂಪ್ಯೂಟರಿಗೆ ಹಾಕಿದ್ರೆ ಹತ್ತು ನಿಮಿಷಕ್ಕೆ ಅದೇ ಆರು ನಕ್ಷೆ ಬರೆದುಕೊಡುತ್ತೆ. ಚಿತ್ರದಲ್ಲಿ ಹಬೆಯಾಡೋ ಇಡ್ಲಿ ಸಮೇತ! ಎದುರಿನ ಆಫೀಸಿನವರು ಎರಡು ದಿನದಲ್ಲಿ ಕೊಡ್ತಾರೆ. ನಾನು ಎರಡು ತಿಂಗಳು ಅಂದಿದ್ರೆ ನೀವು ಕಾಯ್ತಿದ್ರಾ?

ಹಾಗೆ ನೋಡಬೇಡಿ... ಕಾಯ್ತಿದ್ರಿ. ಗೊತ್ತು. ನೀವು ಆತುರ ಮಾಡಿದೋರೇ ಅಲ್ಲ. ಕೇಳಿದ್ದೇ ಒಂದು. ಮುಂದೆ ಬೆಂಕಿ ಹತ್ತಿದ್ರೆ ನನ್ನ ಅಡಿಗೆಯವರು ಹಿಂದಿನಿಂದ ಇಳಿದು ಹೋಗಬೇಕು ಉಮಾಪತಿಯವರೇ, ಅಂದ್ರಿ. ನಿಮ್ಮ ತಮ್ಮ ಸತೀಶ ಆ ಹಳೇ ಅಡಿಗೆಮನೇಲಿ ಹೊರಗೆ ಬರೋಕಾಗದೆ... ಬೇಡ, ಬಿಡಿ. ಅಳ್ತಿದೀರಾ? ಇಲ್ವಾ? ಸರಿ, ಬೆವರೇ ಇರಬಹುದು.

ಏಯ್, ಬೇಡಿ! ಚಿಲಕ ಮುಟ್ಟಬೇಡಿ! ಆಚೆ ಇರೋದು ಹಳೇ ಕಬ್ಬಿಣದ ಮೆಟ್ಟಿಲು, ಸುತ್ತಿ ಸುತ್ತಿ ಇಳೀಬೇಕು, ನಿಮ್ಮ ಮಂಡಿನೋವಿಗೆ ಆಗಲ್ಲ. ಮೇಲಾಗಿ ತುಕ್ಕು ಹಿಡಿದಿದೆ.

ಆಗ ಹಸಿ ಬಣ್ಣ ಅಂದೆ, ಈಗ ತುಕ್ಕು ಅಂತಿದೀನಾ? ಎರಡೂ ನಿಜ! ನನ್ನ ಮಾತು ನಂಬಲ್ವಾ ನೀವು? ನಕ್ಷೇಲಿದೆ ಮೆಟ್ಟಿಲು. ಮನೆ ಮಾಲೀಕರು ಕಳಿಸಿದ ಫೋಟೋದಲ್ಲೂ ಇತ್ತು. ಆ ಫೋಟೋ ಯಾವ ಕಾಲದ್ದೋ ಏನೋ, ನಾನು ಕೇಳಲಿಲ್ಲ...

ತುಂಗಮ್ಮನೋರೆ, ಕೈ ಮುಗೀತೀನಿ, ತೆಗೀಬೇಡಿ...

...

ಹೌದು. ಗೋಡೆ. ಪಕ್ಕದ ಕಟ್ಟಡದ್ದು.

ಅದನ್ನ ಕಟ್ಟುವಾಗಲೇ ಮೆಟ್ಟಿಲು ಕಿತ್ತುಹಾಕಿದ್ರಂತೆ. ಮೂರು ವರ್ಷ ಆಯ್ತಂತೆ. ಒಂದು ಸಲ ಇಲ್ಲಿ ಬಂದು ನಿಂತಿದ್ರೆ ಕುರುಡನಿಗೂ ಗೊತ್ತಾಗ್ತಿತ್ತು! ನಾನು ಬಂದು ನೋಡಿದ್ದು ಎಲ್ಲಾ ಮುಗಿದ ಮೇಲೆ. ಇನ್ನೊಂದು ಗೋಡೆ ಒಡೆದು ಹೊಸ ಮೆಟ್ಟಿಲು ಇಳಿಸೋಕೆ ಆರು ತಿಂಗಳು ಬೇಕು. ನಾಡಿದ್ದು ಇಲ್ಲಿಯವರ ಹೊಸ ವರ್ಷ, ಪೊಯ್ಲಾ ಬೈಶಾಖ್‌ಗೆ ನೀವು ಹಾಲುಕ್ಕಿಸಬೇಕು ಅಂತಿದ್ರಿ. ಹೇಗೆ ಹೇಳಲಿ ಅಂತ...

ಇಲ್ಲ, ಅದು ಸುಳ್ಳು. ನನ್ನ ಹೆಸರು ಕೆಡುತ್ತೆ ಅಂತ ಹೇಳಲಿಲ್ಲ.

ಬೈಯಿರಿ. ನಾಲ್ಕು ಮಾತು ಬೈಯಿರಿ ಅಮ್ಮಾ! ಗೋಡೆ ಮುಂದೆ ಬಾಗಿಲು ಇಡಿಸಿದ್ದು ನಾನೇ. ಎರಡನೇ ದಾರಿ ಕಣ್ಣಾರೆ ಕಂಡಿದೀನಿ ಅಂತ ಲೈಸೆನ್ಸಿನ ಕಾಗದಕ್ಕೆ ಸಹಿ ಹಾಕಿದ್ದೂ ನಾನೇ. ನಾಡಿದ್ದಿನಿಂದ ಇಲ್ಲಿ ಎಂಟು ಜನ ಒಲೆ ಮುಂದೆ ನಿಲ್ತಾರೆ ಅಂತ ಗೊತ್ತಿತ್ತು ನನಗೆ. ಹತ್ತು ದಿನದಿಂದ ಗೊತ್ತಿತ್ತು...

ಹಾಗೆ ಆ ಇಟ್ಟಿಗೆ ಸವರಬೇಡಿ. ಏನಾದ್ರೂ ಅನ್ನಿ.

ಓ, ಮಿಹಿರ್ ದಾ! ಬಂದ್ರಾ? ಗೇಟು ಬಿಡ್ತಾ? ಬಿಡ್ತು, ಬಿಡ್ತು! ಬನ್ನಿ ತುಂಗಮ್ಮನೋರೆ, ಗೇಟು ತೆಗೆದ್ರು, ಕೆಳಗೆ ಹೋಗೋಣ.

ಏಳಿ... ಯಾಕೆ ಅಲ್ಲೇ ಕೂತ್ಬಿಟ್ರಿ? ದಾರಿ ಬಿಟ್ಟಿದೆ ನೋಡಿ... ನೀವು ಒಂದು ಮಾತೂ ಆಡದೆ ನಾನು ಹೇಗೆ ಇಲ್ಲಿಂದ ಹೋಗಲಿ?