ಬೀಗರ ಜಗಳದಲ್ಲಿ ಬಡವಾದ ಕೂಸು

ಒಂದೂರಲ್ಲಿ ಒಬ್ಬ ಶ್ರೀಮಂತ. ಯಾವ ಊರು, ಏನು ಹೆಸರು ಅಂತ ಕೇಳಬೇಡಿ, ಶರಣರೇ. ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆತನದ ಸುದ್ದಿ ಶುರು ಮಾಡುತ್ತೀರಿ. ಅವನಿಗೆ ಒಬ್ಬನೇ ಮಗ. ಸೊಸೆ ಬಂದಳು, ಮೊಮ್ಮಗಳು ಹುಟ್ಟಿದಳು. ಆದರೆ ಗಂಡ ಹೆಂಡತಿಗೆ ಹೊಂದಲಿಲ್ಲ. ಹೊಡೆದಾಟವಿಲ್ಲ, ಬಡಿದಾಟವಿಲ್ಲ, ಹೊಂದಲಿಲ್ಲ ಅಷ್ಟೇ. ಇಬ್ಬರೂ ಕೂತು ಮಾತಾಡಿಕೊಂಡರು. ಒಪ್ಪಿಕೊಂಡೇ ಸೋಡಚೀಟಿ ಬರೆದು ಬೇರೆಯಾಗೋಣ, ಕೂಸು ತಾಯಿಯ ಹತ್ತಿರ ಇರಲಿ, ಶನಿವಾರ ಭಾನುವಾರ ಅಪ್ಪನ ಮನೆಗೆ ಬರಲಿ ಅಂದುಕೊಂಡರು. ದುಃಖದ ಮಾತೇ, ಆದರೆ ಬುದ್ಧಿವಂತರ ಮಾತು.

ಶ್ರೀಮಂತ ಕೇಳಬೇಕಲ್ಲ. "ನಮ್ಮ ಮನಿ ಸೊಸಿ ಸೋಡಚೀಟಿ ಇಸಕೊಂಡು ಆರಾಮ ಹೋಗೂದೇನು? ಕೂಸು ನಮ್ಮ ರಕ್ತ, ಬಿಡೂದಿಲ್ಲ. ಕೋರ್ಟಿಗೆ ಎಳಿತೀನಿ. ಚಪ್ಪಲಿ ಸವೀಬೇಕು," ಅಂದ. ಆ ಕಡೆ ಸೊಸೆಯ ಅಣ್ಣ ಏನು ಕಡಿಮೆಯೇ? "ಎಳೀರಿ, ನೋಡೂಣು. ನಾವೇನು ಕೈಗೆ ಬಳಿ ತೊಟ್ಟೀವೇನು?" ಅಂದ. ಬಳೆ ತೊಟ್ಟ ತಂಗಿ ಪಕ್ಕದಲ್ಲೇ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಸರಿ, ಅಪ್ಪನ ಮಾತು ಮೀರದ ಮಗನ ಹೆಸರಲ್ಲಿ ಕೇಸು ಬಿತ್ತು. "ಕೂಸನ್ನ ಆ ಮನಿಗೆ ಕಳಿಸಿದ್ರ ಮುಚ್ಚಿ ಇಟ್ಕೋತಾರ್ರಿ," ಎಂದು ಅಣ್ಣ ತಕರಾರು ತೆಗೆದ. ಹಾಗಾಗಿ, ಕೇಸು ಮುಗಿಯುವ ತನಕ ತಂದೆ ಮಗಳನ್ನು ವಾಯಿದೆಯ ದಿನ ಕೋರ್ಟಿನ ಮಕ್ಕಳ ಕೋಣೆಯಲ್ಲೇ ನೋಡಬೇಕು ಎಂದು ಆದೇಶವಾಯಿತು.

ವಾಯಿದೆ ಅಂದರೆ ನಿಮಗೆ ನಾನು ಹೇಳಿಕೊಡಬೇಕೇ? ಇವತ್ತು ಶ್ರೀಮಂತನ ವಕೀಲರಿಗೆ ಜ್ವರ. ಮುಂದಿನ ಸಲ ಅಣ್ಣನ ಕಡೆಯ ಸಾಕ್ಷಿ ಬರಲಿಲ್ಲ. ಮುಂದೆ ಹಾಕಿ, ಮುಂದೆ ಹಾಕಿ, ಇನ್ನೂ ಮುಂದೆ ಹಾಕಿ. ಪ್ರತಿ ವಾಯಿದೆಗೂ ಎರಡು ಕಡೆಯಿಂದ ಗಾಡಿ ತುಂಬ ಜನ, ವರಾಂಡದಲ್ಲಿ ಬೈಗುಳ. ಅವ್ವನ ಬಗಲಲ್ಲಿದ್ದ ಕೂಸು ಬೆಳೆದು ಶಾಲೆಗೆ ಹೋಗುವಂತಾಯಿತು.

ಆಗ ಅಲ್ಲಿಗೆ ಹೊಸ ನ್ಯಾಯಾಧೀಶರು ಬಂದರು, ಹೆಣ್ಣುಮಗಳು. ಅವರು ಪದ್ಧತಿಯನ್ನೇ ಬದಲಿಸಿದರು. ವಾಯಿದೆ ಬೇಕಾದರೆ ಗಂಡ ಹೆಂಡತಿಯೇ ಎದುರು ನಿಂತು ಕಾರಣ ಹೇಳಬೇಕು. ಮೊದಲು ಅವರಿಬ್ಬರೇ ಒಳಗೆ ಬರಬೇಕು. ಬೀಗರು, ನೆಂಟರು, ಹಿರಿಯರು ಬಾಗಿಲ ಹೊರಗೆ. ನೋಡಿ, ಎಷ್ಟೋ ವರ್ಷಗಳ ಮೇಲೆ ಆ ಇಬ್ಬರು ಬೇರೆಯವರಿಲ್ಲದೆ ಮಾತಾಡಿದರು. ಏನು ಮಾತಾಡಿದರು? ಮೊದಲು ಮನೆಯಲ್ಲಿ ಆಡಿದ್ದ ಅದೇ ಮಾತು. ಚಹಾ ಆರುವಷ್ಟರಲ್ಲಿ ಒಪ್ಪಂದವಾಯಿತು.

ನ್ಯಾಯಾಧೀಶರು ಹುಡುಗಿಯನ್ನು ಕರೆದು, "ಎಲ್ಲಾ ಮುಗೀತು ಪುಟ್ಟಿ, ಇನ್ಮೇಲೆ ನೀನು ಕೋರ್ಟಿಗೆ ಬರೋದು ಬೇಕಿಲ್ಲ," ಅಂದರು. ಖುಷಿಪಡಬೇಕಲ್ಲವೇ? ಆ ಕೂಸು ಮೇಜಿನ ಕಾಲು ಹಿಡಿದುಕೊಂಡು ಅಳಲು ಶುರುಮಾಡಿತು.

"ಬರಬ್ಯಾಡ ಅಂದ್ರ ಅಪ್ಪನ್ನ ಎಲ್ಲಿ ನೋಡ್ಲಿ? ಇದು ಅಪ್ಪನ ಮನಿ ಅಲ್ಲೇನು?"

ತಂದೆ ಅವಳ ಮುಂದೆ ನೆಲದ ಮೇಲೆ ಕೂತ. "ನನಗೂ ಬ್ಯಾರೆ ಮನಿ ಐತವ್ವಾ," ಅಂದ.

"ಸುಳ್ಳು. ಇದ್ದಿದ್ರ ಒಮ್ಮೆರೆ ಕರಕೊಂಡು ಹೋಗ್ತಿದ್ದಿ."

ಅಷ್ಟರಲ್ಲಿ ಅಳು ಕೇಳಿದ ಶ್ರೀಮಂತ ಒಳಗೆ ನುಗ್ಗಿ ಬಂದ. "ಬಾ ನನ್ನ ಬಂಗಾರ, ಮುತ್ಯಾನ ಮನಿಗೆ ಹೋಗೂಣು," ಎಂದು ಕೈ ಚಾಚಿದ. ಹುಡುಗಿ ತಾಯಿಯ ಸೀರೆಯ ಹಿಂದೆ ಸರಿದಳು. "ನಾ ಒಲ್ಲೆವ್ವಾ. ಇವ್ರು ಹೊರಗ ನಿಂತು ನಿನಗ ಬೈಯೋರು."

ನಮ್ಮ ರಕ್ತ, ನಮ್ಮ ರಕ್ತ ಅಂತ ಕೋರ್ಟಿನ ಮೆಟ್ಟಿಲು ಹತ್ತಿದ್ದನಲ್ಲ ಅವನು? ಆ ರಕ್ತಕ್ಕೆ ಅವನ ಗುರುತು ಅವ್ವನಿಗೆ ಬೈಯುವವನು ಅಂತ, ಅಷ್ಟೇ. ಹುಡುಗಿ ಅಂದು ಆ ಮನೆಗೆ ಹೋಗಲಿಲ್ಲ. ಆಮೇಲಾದರೂ ಹೋದಳೋ ಇಲ್ಲವೋ, ನನಗೆ ತಿಳಿಯದು. ಆ ಚಿಂತೆ ನನ್ನನ್ನು ಬಿಟ್ಟಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ ಹೇಳುತ್ತೀರಿ. ಇಲ್ಲಿ ಗಂಡ ಹೆಂಡತಿ ಜಗಳವನ್ನೇ ಆಡಲಿಲ್ಲ. ಬಡವು ಮಾಡಿದವರು ಯಾರು? ಕೋರ್ಟಿನ ಪದ್ಧತಿ ಸುಧಾರಿಸಬೇಕು ಅಂತೀರಿ. ನಿಜ, ಸುಧಾರಿಸಲೇಬೇಕು. ಆದರೆ ಆ ನ್ಯಾಯಾಧೀಶ ತಾಯಿ ಬಾಗಿಲು ಹಾಕಿದ್ದು ಯಾರ ಮುಖದ ಮೇಲೆ? ನಮ್ಮ ಮುಖದ ಮೇಲೆ, ಶರಣರೇ. ಹಿರಿಯರು ಅನ್ನಿಸಿಕೊಂಡವರ ಮುಖದ ಮೇಲೆ.

ನಾಳೆ ಸೋಮವಾರ. ಇಲ್ಲಿ ಕೂತವರಲ್ಲಿ ಒಂದು ಮನೆಯ ವಾಯಿದೆ ನಾಳೆ ಇದೆ ಅಂತ ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ತಲೆ ತಗ್ಗಿಸಬೇಡಿ. ಗಾಡಿ ಹೇಳಿಟ್ಟಿದ್ದೀರಿ, ಜನ ಕೂಡಿಸಿದ್ದೀರಿ. ಬೇಡ. ಮಗನೊಬ್ಬನೇ ಬಸ್ಸಿಗೆ ಹೋಗಲಿ. 'ಬಿಡಬ್ಯಾಡ' ಅಂತ ಬಾಗಿಲಲ್ಲಿ ಕಿವಿ ಊದಬೇಡಿ. ಸೊಸೆಯ ಸುದ್ದಿ ಬಂದರೆ ಮಾತು ತಿರುಗಿಸಿ. ಕೂಸು ಸಿಕ್ಕರೆ ನಿಮ್ಮವ್ವ ಏನಂದಳು ಅಂತ ಕೆದಕಬೇಡಿ, ಊಟ ಮಾಡಿದೆಯಾ ಅಂತ ಕೇಳಿ. ಇವತ್ತು ಮನೆಗೆ ಹೋದ ಮೇಲೆ ಒಂದು ಕೋಣೆ ಗುಡಿಸಿ, ಸಣ್ಣದೊಂದು ಹಾಸಿಗೆ ಹಾಸಿಡಿ. ಕೇಸು ಯಾರಾದರೂ ಗೆಲ್ಲಲಿ, ಆ ಕೂಸು ಬಂದು ಮಲಗಲು ಅದರ ಅಪ್ಪನ ಮನೆಯಲ್ಲಿ ಜಾಗ ಇರಲಿ.