ಗುರುಗಳ ಕತ್ತು ಉಳುಕಿದ್ದು

ಅಯ್ಯಯ್ಯೋ, ಮೆಲ್ಲಗೆ ಅಂಟಿಸೇ ಫುಸಾಯೆ! ಅದು ಕತ್ತು ಕಣೇ, ಮೂಲಂಗಿ ಅಲ್ಲ... ಹಾಂ, ಅಲ್ಲೇ. ಇನ್ನೊಂದು ನೋವಿನ ಪಟ್ಟಿ ಎಡಗಡೆಗೆ ಹಾಕು. ಹೇಳಿದೆನಲ್ಲ, ಅಸಾಮುಶಿಗೆ ಬಿಸಿನೀರ ಬುಗ್ಗೆಯ ಸ್ನಾನಕ್ಕೆ ಹೋದವನು ಆ ಹೋಟೆಲಿನ ಹಾಳು ದಿಂಬಿನ ಮೇಲೆ ಮಲಗಿ ಉಳುಕಿಸ್ಕೊಂಡೆ ಅಂತ. ಎಷ್ಟು ಸಲ ಹೇಳಲಿ?

ಸ್ನಾನಕ್ಕೆ ಒಯ್ದ ಟವೆಲ್ಲಾ? ಒಣಗಿದೆ. ಒಣಗದೆ ಇನ್ನೇನು, ಬಿಸಿಲಿಗೆ ಹಾಕಿದ್ದೆ... ಮಳೆ ಬಂತಾ? ಇಲ್ಲಿ ಬಂದಿರಬಹುದು, ಅಲ್ಲಿ ಬರಲಿಲ್ಲ. ಪೊಲೀಸಿನವರ ಥರ ನೋಡಬೇಡ ನನ್ನನ್ನ.

ಬೇಗ ಮುಗಿಸು, ಹತ್ತು ಗಂಟೆಗೆ ಸಭೆ. ನಮ್ಮ ಹಿರೋಸಾಕಿ ಊರಿನ ಶಾಮಿಸೆನ್ ಗುರುಗಳೆಲ್ಲ ಬರ್ತಾರೆ. ಅಧ್ಯಕ್ಷ ಯಾರು? ನಾನು! ಆ ಮೂರು ತಂತಿಯ ವಾದ್ಯ ಹಿಡಿದು ತಲೆ ನರೆಸ್ಕೊಂಡವನು. ಕೊನೆಗೆ ತೀರ್ಮಾನದ ಕಾಗದಕ್ಕೆ ನಾನೇ ಮೊಹರು ಒತ್ತಬೇಕು. ಒತ್ತಿದೆ ಅಂದ್ರೆ ನಿನ್ನ ಮಗಳು ಚಿಗುಸಾಗೆ ನಮ್ಮ ಮನೆತನ ಕೊಟ್ಟ ವಾದಕಿಯ ಹೆಸರು ಹೋಯ್ತು, ಪರಂಪರೆಯಿಂದಲೇ ಹೊರಗೆ. ಅಳಬೇಡ, ನಿಯಮ ಅಂದ್ರೆ ನಿಯಮ... ಅಳ್ತಾ ಇಲ್ವಾ? ಮತ್ತೆ ಭುಜ ಯಾಕೆ ಅಲ್ಲಾಡ್ತಿದೆ? ಯಾಕೇ ನಗ್ತೀಯ?

ನಗೋ ವಿಷಯ ಅಲ್ಲ ಇದು! ಮೂರು ವರ್ಷದಿಂದ ಆ ರಾಕ್ ಬ್ಯಾಂಡು. ಹೆಸರು ನೋಡು, 'ಸಿಟ್ಟಿನ ಸೇಬು'! ಸೇಬಿಗೆ ಯಾಕೆ ಬರುತ್ತೇ ಸಿಟ್ಟು? ಎಲ್ಲರೂ ಮುಖಕ್ಕೆ ಬಿಳಿ ಬಳ್ಕೊಂಡು... ಅವಳಂತೂ ತೋಟದವರ ರಬ್ಬರ್ ಬೂಟು ಹಾಕ್ಕೊಂಡು ಸ್ಪೀಕರ್ ಪೆಟ್ಟಿಗೆ ಮೇಲೆ ಹತ್ತಿ ನಿಂತ್ಬಿಡ್ತಾಳೆ, ಸೊಂಟಕ್ಕೆ ಕೈ ಕೊಟ್ಟು. ಹಾಡಲ್ಲ, ಏನಿಲ್ಲ. ಸುಮ್ಮನೆ ಜನರನ್ನ ನೋಡ್ತಾಳೆ. ಒಬ್ಬರಾದ್ರೂ ಕೆಮ್ಮಬೇಕಲ್ಲ, ಊಹೂಂ! ಆಮೇಲೆ ಒಂದೇ ಸಲ ಬೂಟುಕಾಲು ಕುಟ್ಟುತ್ತಾಳೆ ನೋಡು... ಗುಡುಗಿದ ಹಾಗೆ ಗಿಟಾರು! ಅದರ ಬೆನ್ನಿಗೇ ನಮ್ಮ ನೆಪುತಾ ಹಬ್ಬದ ದೊಡ್ಡ ಡೋಲು! ಮುಗೀತು ಅನ್ನೋಷ್ಟರಲ್ಲಿ ಜಾಝ್‌ನವರ ತುತ್ತೂರಿ, ಅದರ ನಡುವೆ ನಮ್ಮಜ್ಜಿ ಗದ್ದೇಲಿ ಹಾಡ್ತಿದ್ದ ನಾಟಿ ಹಾಡು... ಕಲಬೆರಕೆ! ಶುದ್ಧ ಕಲಬೆರಕೆ! ಮೈಯೆಲ್ಲ ಜುಮ್ಮೆನ್ನುತ್ತೆ!

...ಕೋಪಕ್ಕೆ. ಕೋಪಕ್ಕೆ ಜುಮ್ಮೆನ್ನುತ್ತೆ ಅಂದೆ.

ನನಗೆ ಹೇಗೆ ಗೊತ್ತಾ? ಟಿವಿಯಲ್ಲಿ ಬಂತು. ಆ ಹೋಟೆಲಿನ ಟಿವಿಯಲ್ಲಿ. ಹೂಂ, ದೊಡ್ಡ ಟಿವಿ.

ಅದರಲ್ಲೂ ನಮ್ಮ ಶಾಮಿಸೆನ್ ಗತಿ ಕೇಳು! ಆ ಗದ್ದಲದ ಮಧ್ಯೆ ಎಲ್ಲರೂ ತಟ್ಟನೆ ನಿಲ್ಲಿಸ್ತಾರೆ, ಶಾಮಿಸೆನ್ ಒಂದೇ ನುಡೀಬೇಕು. ದೀಪದ ಸೆಖೆಗೆ ಎರಡನೇ ತಂತಿ ಸಡಿಲಾಗಿರುತ್ತೆ, ಬೆವರು ಕಣ್ಣಿಗೆ ಇಳೀತಿರುತ್ತೆ, ಬಾರಿಸ್ತಾ ಬಾರಿಸ್ತಾನೇ ಬಿಗಿ ಮಾಡ್ಕೋಬೇಕು... ಕೆಳಗೆ ಜನ ತಲೆ ಕೊಡವೋದೋ ಕೊಡವೋದು, ಮೈಮೇಲೆ ದೇವರು ಬಂದವರ ಹಾಗೆ! ಅದನ್ನ ನೋಡ್ತಾ ಕೂತ್ರೆ ನಮ್ಮ ತಲೇನೂ ತಾನಾಗೇ...

ತಾನಾಗೇ ನೋಯುತ್ತೆ ಅಂತ. ತಲೆನೋವು ಬರುತ್ತೆ.

ಏ, ಕತ್ತು ನೋವು ಅಂದ್ರೆ ಕಿವಿ ಹಿಂದೆ ಯಾಕೆ ಉಜ್ತೀಯ? ಏನದು ಟವೆಲ್ ಮೇಲೆ... ಬಿಳಿ? ಸೋಪು. ಸೋಪೇ ಇರಬೇಕು. ನೊರೆ ಬರ್ತಿಲ್ವಾ? ಬರದೇ ಇರೋ ಸೋಪೂ ಇರುತ್ತಪ್ಪ.

ಬೈಯಿ ಬೇಕಾದ್ರೆ. ಫುಸಾಯೆ? ಹೀಗೆ ಟವೆಲ್ ಮುಖದ ಮುಂದೆ ಹಿಡಿದ್ರೆ ನಾನೇನು ಮಾಡ್ಲಿ...

ಅವಳ ಬ್ಯಾಂಡಿನಲ್ಲಿ ಶಾಮಿಸೆನ್ ನುಡಿಸೋನು ಬಿದ್ದು ಕೈ ಮುರ್ಕೊಂಡ್ನಂತೆ. ನೀನು ತರಕಾರಿಗೆ ಹೋದಾಗ ಫೋನ್ ಮಾಡಿದ್ಲು. 'ಅಪ್ಪಾ' ಅಂದ್ಲು. ಮೂರು ವರ್ಷ ಆಗಿತ್ತಲ್ಲೇ ಆ ಮಾತು ಕೇಳಿ! ಚೆನ್ನಾಗಿ ಬೈಯೋಣ ಅಂತಲೇ ಬಾಯಿ ತೆರೆದೆ. 'ಯಾವ ಶ್ರುತಿ?' ಅಂತ ಕೇಳ್ಬಿಟ್ಟೆ.

ವೇದಿಕೆ ಹತ್ತೋ ಮೊದಲು ನನ್ನ ಮುಖಕ್ಕೆ ಬಿಳಿ ಅವಳೇ ಬಳಿದ್ಲು. ಚಿಕ್ಕೋಳಿದ್ದಾಗ ಅವಳ ಬೆರಳು ಹಿಡಿದು ತಂತಿ ಮೇಲೆ ಇಡ್ತಿದ್ದೆನಲ್ಲ, ಹಾಗೇ ನನ್ನ ಗದ್ದ ಹಿಡ್ಕೊಂಡು... 'ಅಲ್ಲಾಡಬೇಡಿ ಅಪ್ಪಾ' ಅಂತ ಗದರಿದ್ಲು. ಅಲ್ಲಾಡಲಿಲ್ಲ ಕಣೇ. ಉಸಿರೂ ಬಿಡಲಿಲ್ಲ.

ಎಲ್ಲಿಗೆ ಎದ್ದೆ? ...ಏನಿದು, ಮೊಹರು! ಅಕ್ಕಿ ಡಬ್ಬೀಲಿ ಬಚ್ಚಿಟ್ಟಿದ್ಯಾ? ಬೆಳಗಿನಿಂದ ಮನೆಯೆಲ್ಲ ತಡಕಾಡಿದ್ದೀನಿ, ನೀನೂ ಜೊತೆಗೆ ಹುಡುಕಿದ ಹಾಗೆ ಮಾಡಿದ್ಯಲ್ಲೇ ಕಳ್ಳಿ! ಈಗ ಯಾಕೆ ಕೈಗೆ ಕೊಡ್ತೀಯ? ಅಲ್ಲೇ ಹಾಕು. ಇನ್ನೂ ಕೆಳಕ್ಕೆ ತುರುಕು.

ಸಭೆಗಾ? ಹೋಗ್ತೀನಿ. ಅಧ್ಯಕ್ಷ ಹೋಗದಿದ್ರೆ ಹೇಗೆ? ನನ್ನ ಕಪ್ಪು ಕಿಮೋನೋ ತೆಗೆದಿಡು... ಆ ಟವೆಲ್ ಇಡೇ ಕೆಳಗೆ. ಬಲಗಿವಿ ಹಿಂದಿರೋ ಬಿಳಿನ ಒರೆಸಬೇಡ. ಹಾಗೇ ಇರಲಿ. ಅವರೆಲ್ಲ ನೋಡಲಿ.