ಐದು ಜನರ ಕಂಪನಿ

ಪೀಣ್ಯದ ಕೊರಿಯರ್ ಆಫೀಸಿನಲ್ಲಿ ನಾನು ನನ್ನ ಪಾರ್ಸೆಲ್ಲಿಗೆ ಟೇಪ್ ಸುತ್ತುತ್ತಿದ್ದೆ. ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಉಗಾಂಡಾದ ಕಂಪಾಲಾದಲ್ಲಿರುವ ತಂಗಿಯ ಕಂಪನಿಗೆ ಚಪಾತಿ ಮೆಷಿನ್ನಿನ ಬಿಡಿಭಾಗ ಕಳಿಸಲು ಫಾರಂ ತುಂಬುತ್ತಿದ್ದರು.

“ಪಾರ್ಸೆಲ್ ತಲುಪಿದಾಗ ನೀನಲ್ಲಿ ಇಲ್ಲದಿದ್ರೆ ಯಾರಿಗೆ ಕೊಡ್ಬೇಕು ಅಂತ ಕೇಳಿದಾರೆ ನಿವಿ. ಅಲ್ಲಿ ನಿನ್ನ ಕಂಪನಿಯವರ ಹೆಸರು ಬರಿ.”

“ಕಂಪನೀಲಿ ನಾನೊಬ್ಬಳೇ ಅಕ್ಕ.”

“ಐದು ಜನ ಇದಾರೆ ಅಂದಿದ್ದೆ?”

“ಅಮ್ಮನ ಸಮಾಧಾನಕ್ಕೆ ಅಂದಿದ್ದೆ. ನನ್ನ ಉಳಿತಾಯದಲ್ಲಿ ನಡೀತಿರೋದು. ಸಂಬಳ ಕೊಡೋದು ಎಲ್ಲಿಂದ?”

“ಮತ್ತೆ ಫೋನಲ್ಲಿ ಗಿರಾಕಿಗಳಿಗೆ ‘ಸರ್ವಿಸ್‌ನವರಿಗೆ ಕೊಡ್ತೀನಿ ಇರಿ’ ಅಂತಿದ್ದೆ?”

“ಒಂದು ನಿಮಿಷ ಬಿಟ್ಟು, ದನಿ ದಪ್ಪ ಮಾಡ್ಕೊಂಡು ನಾನೇ ಮಾತಾಡ್ತೀನಿ.”

ಅಕ್ಕ ನಕ್ಕುಬಿಟ್ಟಳು. “ಒಳ್ಳೆ ನಾಟಕದ ಕಂಪನಿ ಕಣೇ! ಜ್ವರ ಬಂದ್ರೆ?”

“ಅವತ್ತು ಐದೂ ಜನಕ್ಕೆ ರಜ.”

ಈ ಸಲ ಅಕ್ಕ ನಗಲಿಲ್ಲ.

“ಗ್ರೇಸ್ ಅಂತ ಬರೀತೀನಿ. ಪಕ್ಕದ ಅಂಗಡಿಯವಳು. ಒಂದ್ಸಲ ಅವಳ ಹತ್ರ ಉಪ್ಪು ಇಸ್ಕೊಂಡಿದ್ದೆ.”

“ಅಷ್ಟೇನಾ ಪರಿಚಯ?”

“ಅಲ್ಲಿ ನಂಗಿರೋದು ಅಷ್ಟೇ ಅಕ್ಕ.”

ತಂಗಿ ಡಬ್ಬವನ್ನು ತೂಕಕ್ಕಿಡಲು ಹೋದಳು. ಅಕ್ಕ ಮೊಬೈಲು ತೆಗೆದು, ಮೊದಲ ಸಲ ಪಾಸ್‌ಪೋರ್ಟು ಮಾಡಿಸಲು ಏನೇನು ಕಾಗದ ಬೇಕೆಂದು ಹುಡುಕತೊಡಗಿದಳು. ತಂಗಿ ತಿರುಗಿ ಬರುವಷ್ಟರಲ್ಲಿ ಮೊಬೈಲು ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡಳು.

“ಏನಕ್ಕಾ ನೋಡ್ತಿದ್ದೆ?”

“ಟೈಮು. ನಡಿ, ಬಸ್ಸು ಹೋಗ್ಬಿಡುತ್ತೆ.”